ಗೇಟಿಗೆ ಎಷ್ಟು, ಕಾರಕೂನರಿಗೆ ಎಷ್ಟು: ಹಳೆಯ ಆ್ಯಕ್ಸೆಸ್ ಫೈಲಿಗೆ ಗುಂಪುವಾರು ಅನುಮತಿ ಕೊಡುವ ಬಗೆ

ಮಣೂಕದ (ಒಣದ್ರಾಕ್ಷಿಯ) ಹಂಗಾಮಿನಲ್ಲಿ ವಿಜಯಪುರದ ಕೋಲ್ಡ್ ಸ್ಟೋರೇಜ್‌ಗಳ ಮುಂದೆ ವಾಹನಗಳ ಸಾಲು ಸಂಜೆಯಾದರೂ ಕರಗುವುದಿಲ್ಲ. ಮೂರು ವರ್ಷದ ಹಿಂದೆ ಅಂಥದೇ ಒಂದು ಸಂಜೆ, ನಾನು ಕಂಪ್ಯೂಟರ್ ನೋಡಿಕೊಳ್ಳುವ ಒಂದು ಕೋಲ್ಡ್ ಸ್ಟೋರೇಜ್‌ಗೆ ತಿಕೋಟಾ ಕಡೆಯ ರೈತರೊಬ್ಬರು ರಸೀದಿ ಹಿಡಿದು ಬಂದರು. ರಸೀದಿಯಲ್ಲಿ 240 ಬಾಕ್ಸ್, ಕಂಪ್ಯೂಟರ್ ಪರದೆಯ ಮೇಲೆ 24. ಬಾಕ್ಸಿಗೆ 15 ಕಿಲೋ ಹಿಡಿದರೆ 32 ಕ್ವಿಂಟಲ್‌ಗೂ ಹೆಚ್ಚು ಮಾಲು ಕಾಗದದಲ್ಲಿದೆ, ಕಂಪ್ಯೂಟರ್‌ನಲ್ಲಿ ಇಲ್ಲ.

"ಯಾರು ತಿದ್ದಿದವರು?" ಎಂದು ಮಾಲಕರು ಕೇಳಿದರು. ಆಫೀಸಿನಲ್ಲಿದ್ದ ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಐವರಿಗೂ ಸೇರಿ ಒಂದೇ ಪಾಸ್‌ವರ್ಡ್, ಅದೂ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯ ಮೇಲೆ. ಗೇಟಿನಲ್ಲಿ ಕೈಯಿಂದ ಬರೆದಿಟ್ಟ ಆವಕ ರಿಜಿಸ್ಟರ್ ಒಂದು ಇದ್ದುದರಿಂದ ಅಂದು ಮಾನ ಉಳಿಯಿತು.

ಮರುವಾರ ಕುಳಿತು ನಾನು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹತ್ತು ಹದಿನೈದು ವರ್ಷದ ಹಿಂದೆ ಯಾರೋ ಮಾಡಿಕೊಟ್ಟ ಆ್ಯಕ್ಸೆಸ್ ಡೇಟಾಬೇಸ್ ಇನ್ನೂ ಓಡುತ್ತಿರುವ ಆಫೀಸುಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥ ಒಂದನ್ನು ನೋಡಿಕೊಳ್ಳುವವರಿಗಾಗಿ ಈ ಲೇಖನ.

ಮೊದಲು ಫೈಲಿನ ಬಾಲ ನೋಡಿ

ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಬಳಕೆದಾರ, ಗುಂಪು, ಅನುಮತಿ ಎಂಬ ಏರ್ಪಾಟು ಇರುವುದು ಎಂಡಿಬಿ ಫೈಲಿಗೆ, ಅಂದರೆ ಹೆಸರಿನ ಕೊನೆಯಲ್ಲಿ .mdb ಎಂದಿರುವ ಫೈಲಿಗೆ ಮಾತ್ರ. 2007ರ ಆವೃತ್ತಿಯ ಜೊತೆ ಬಂದ ಎಸಿಸಿಡಿಬಿ (.accdb) ಫೈಲಿಗೆ ಅದನ್ನು ಕೊಡಲೇ ಇಲ್ಲ. ಹೊಸ ಆ್ಯಕ್ಸೆಸ್‌ನಲ್ಲಿ ಹಳೆಯ ಎಂಡಿಬಿ ತೆರೆದರೆ ಮಾತ್ರ ಆ ಮೆನು ಕಾಣಿಸಿಕೊಳ್ಳುತ್ತದೆ. 2003ರಲ್ಲಿ ಅದು ಟೂಲ್ಸ್ ಮೆನುವಿನ ಸೆಕ್ಯೂರಿಟಿ ಅಡಿಯಲ್ಲಿದೆ. 2007ರಲ್ಲಿ ಡೇಟಾಬೇಸ್ ಟೂಲ್ಸ್ ಪಟ್ಟಿಯಲ್ಲಿ, 2010ರಿಂದ ಈಚೆಗೆ ಫೈಲ್ ಒತ್ತಿ ಇನ್ಫೋಗೆ ಹೋದರೆ 'ಯೂಸರ್ಸ್ ಆ್ಯಂಡ್ ಪರ್ಮಿಷನ್ಸ್' ಎಂಬ ಗುಂಡಿಯಾಗಿ ಸಿಗುತ್ತದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. 'ಹೊಸದು ಚೆನ್ನಾಗಿರುತ್ತದೆ' ಎಂದು ಯಾರಾದರೂ ಎಂಡಿಬಿಯನ್ನು ಎಸಿಸಿಡಿಬಿಗೆ ಬದಲಿಸಿದರೆ ಈ ಅನುಮತಿಗಳೆಲ್ಲ ಹೋಗುತ್ತವೆ. ಫಾರ್ಮ್‌ಗಳು ಮೊದಲಿನಂತೆಯೇ ಕಾಣುವುದರಿಂದ ಬಹಳ ದಿನ ಯಾರ ಗಮನಕ್ಕೂ ಬರುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಹಾಳೆ ತೆಗೆದುಕೊಳ್ಳಿ

ಎಡಕ್ಕೆ ಟೇಬಲ್‌ಗಳ ಹೆಸರು ಬರೆಯಿರಿ: ಆವಕ (ಒಳಬಂದ ಮಾಲು), ಜಾವಕ (ಹೊರಹೋದ ಮಾಲು), ರೈತರ ಖಾತೆ, ಬಾಡಿಗೆ ದರ, ಉಚಲು (ಮುಂಗಡ). ಮೇಲೆ ಅಡ್ಡಕ್ಕೆ ಕೆಲಸಗಳ ಹೆಸರು ಬರೆಯಿರಿ. ಗಮನಿಸಿ, ಮನುಷ್ಯರ ಹೆಸರಲ್ಲ, ಕೆಲಸದ ಹೆಸರು. ನಮ್ಮಲ್ಲಿ ಬಂದವು ನಾಲ್ಕು: ಗೇಟ್, ಉಗ್ರಾಣ, ಲೆಕ್ಕ, ನೋಟ. ಪ್ರತಿ ಚೌಕದಲ್ಲಿ ನಾಲ್ಕು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಬರೆಯಿರಿ. ಓದಬಹುದೇ? ಹೊಸದು ಸೇರಿಸಬಹುದೇ? ಇದ್ದುದನ್ನು ತಿದ್ದಬಹುದೇ? ಅಳಿಸಬಹುದೇ?

ಈ ಹಾಳೆ ತುಂಬಲು ನಮಗೆ ಅರ್ಧ ದಿನ ಹಿಡಿಯಿತು, ಕಂಪ್ಯೂಟರಿನ ಕೆಲಸಕ್ಕೆ ಎರಡು ತಾಸು. ಅರ್ಧ ದಿನ ಯಾಕೆಂದರೆ, ಲೆಕ್ಕದ ಕಾರಕೂನರು ಮತ್ತು ಉಗ್ರಾಣದವರು ಇಬ್ಬರೂ ಜಾವಕದ ಬಾಕ್ಸ್ ಸಂಖ್ಯೆ ತಿದ್ದುವುದು ತಮ್ಮ ಹಕ್ಕು ಎಂದು ತಿಳಿದಿದ್ದರು. ಅದು ತೀರ್ಮಾನವಾಗದೆ ಯಾವ ಸಾಫ್ಟ್‌ವೇರ್‌ ತಾನೇ ಏನು ಮಾಡೀತು?

ಮಾಲಕರನ್ನು ನಾನು 'ನೋಟ' ಗುಂಪಿಗೆ ಹಾಕಿದೆ. ಎಲ್ಲವನ್ನೂ ಓದಬಹುದು, ಯಾವುದನ್ನೂ ತಿದ್ದುವಂತಿಲ್ಲ. "ಏನಪ್ಪಾ, ನನ್ನ ಮನೆಗೆ ನನಗೇ ಕೀಲಿ ಹಾಕುತ್ತೀಯಾ?" ಎಂದು ಸಿಟ್ಟು ಮಾಡಿದರು. "ಸಾಹುಕಾರರೇ, ರೈತರ ಮುಂದೆ ಕುಳಿತು ಫೋನಿನಲ್ಲಿ ಮಾತಾಡುತ್ತ ನೀವೇ ಸ್ಕ್ರೀನ್ ಮುಟ್ಟುತ್ತೀರಿ. ಆ 240 ನಿಮ್ಮ ಕೈಯಲ್ಲೇ 24 ಆಗಿರಲಿಕ್ಕಿಲ್ಲ ಎಂದು ಹೇಗೆ ಹೇಳುವುದು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾ ತರಿಸಿದರು. ಆಡಳಿತದ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಅವರ ತಿಜೋರಿಯಲ್ಲೇ ಇಟ್ಟೆವು.

ಕೀಲಿ ಎಲ್ಲಿದೆ, ಕೀಲಿಕೈ ಎಲ್ಲಿದೆ

ಇದೊಂದನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋದವರೇ ಹೆಚ್ಚಾಗಿ ಎಡವುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಈ ಏರ್ಪಾಟಿನಲ್ಲಿ ಫೈಲುಗಳು ಎರಡು. ಯಾವ ಟೇಬಲನ್ನು ಯಾವ ಗುಂಪು ಏನು ಮಾಡಬಹುದು ಎಂಬುದು ಎಂಡಿಬಿ ಫೈಲಿನೊಳಗೇ ಇರುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ಯಾರು ಯಾವ ಗುಂಪಿನವರು ಎಂಬುದು ಎಂಡಿಡಬ್ಲ್ಯು ಎಂಬ ಬೇರೆ ಫೈಲಿನಲ್ಲಿರುತ್ತದೆ. ಇದಕ್ಕೆ ವರ್ಕ್‌ಗ್ರೂಪ್ ಫೈಲ್ ಎನ್ನುತ್ತಾರೆ. ಕೀಲಿ ಬಾಗಿಲಲ್ಲಿದೆ, ಕೀಲಿಕೈಗಳ ಗೊಂಚಲು ಬೇರೆ ಕಡೆ ಇದೆ.

ಆ್ಯಕ್ಸೆಸ್ ಹಾಕಿದ ಪ್ರತಿ ಕಂಪ್ಯೂಟರಿಗೂ ಸಿಸ್ಟಮ್ ಎಂಬ ಹೆಸರಿನ ಒಂದು ಗೊಂಚಲು ತಾನಾಗಿಯೇ ಬರುತ್ತದೆ. ಅದರಲ್ಲಿ 'ಅಡ್ಮಿನ್' ಎಂಬ ಒಬ್ಬ ಬಳಕೆದಾರ, 'ಅಡ್ಮಿನ್ಸ್' ಮತ್ತು 'ಯೂಸರ್ಸ್' ಎಂಬ ಎರಡು ಗುಂಪು. ನಿಮ್ಮನ್ನು ಪಾಸ್‌ವರ್ಡ್ ಕೇಳದೇ ಇದ್ದರೂ ನೀವು ಆ ಅಡ್ಮಿನ್ ಆಗಿಯೇ ಒಳಗೆ ಹೋಗಿರುತ್ತೀರಿ. ಈ ಅಡ್ಮಿನ್ ಎಂಬವನ ಒಳಗುರುತು ಜಗತ್ತಿನ ಎಲ್ಲ ಕಂಪ್ಯೂಟರಿನಲ್ಲೂ ಒಂದೇ. ಯೂಸರ್ಸ್ ಗುಂಪಿನದೂ ಅಷ್ಟೇ. ಹಾಗಾಗಿ ನೀವು ಎಷ್ಟೇ ಗುಂಪು ಮಾಡಿ, ಎಷ್ಟೇ ಪಾಸ್‌ವರ್ಡ್ ಹಾಕಿ, ಅಡ್ಮಿನ್‌ನ ಒಡೆತನ ಮತ್ತು ಯೂಸರ್ಸ್ ಗುಂಪಿನ ಅನುಮತಿ ಹಾಗೇ ಉಳಿದಿದ್ದರೆ ಪಕ್ಕದ ಸೈಬರ್ ಕೆಫೆಯ ಕಂಪ್ಯೂಟರಿನಲ್ಲೂ ನಿಮ್ಮ ಫೈಲು ಸಲೀಸಾಗಿ ತೆರೆಯುತ್ತದೆ. ಅಡ್ಮಿನ್ಸ್ ಗುಂಪು ಮಾತ್ರ ಬೇರೆ. ಅದರ ಗುರುತು ಆಯಾ ವರ್ಕ್‌ಗ್ರೂಪ್ ಫೈಲ್ ಮಾಡುವಾಗ ಕೊಟ್ಟ ಹೆಸರು, ಸಂಸ್ಥೆ, ಗುಪ್ತ ಗುರುತು ಈ ಮೂರರಿಂದ ಹುಟ್ಟುತ್ತದೆ.

ಈಗ ಕೆಲಸಕ್ಕೆ ಇಳಿಯೋಣ

ಎಲ್ಲರನ್ನೂ ಹೊರಗೆ ಕಳಿಸಿ. ಎಂಡಿಬಿ ಫೈಲಿನ ನಕಲು ತೆಗೆದು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿ. ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಎಲ್‌ಡಿಬಿ ಎಂಬ ಸಣ್ಣ ಫೈಲು ಕಾಣುತ್ತಿದ್ದರೆ ಇನ್ನೂ ಯಾರೋ ಒಳಗಿದ್ದಾರೆ ಎಂದು ತಿಳಿಯಿರಿ.

ನಂತರ 'ಯೂಸರ್ ಲೆವೆಲ್ ಸೆಕ್ಯೂರಿಟಿ ವಿಜಾರ್ಡ್' ಓಡಿಸಿ. ಎಲ್ಲವನ್ನೂ ಕೈಯಿಂದಲೇ ಮಾಡುವ ದಾರಿಯೂ ಇದೆ, ಆದರೆ ಮೊದಲ ಸಲದವರು ಅದರಲ್ಲಿ ಒಂದಲ್ಲ ಒಂದು ಕಿಂಡಿ ಬಿಟ್ಟೇ ಬಿಡುತ್ತಾರೆ. ವಿಜಾರ್ಡ್ ಕೇಳುವ ಪ್ರಶ್ನೆಗಳಲ್ಲಿ ನಿಜವಾಗಿ ಯೋಚಿಸಬೇಕಾದವು ಇಷ್ಟು.

ಹೊಸ ವರ್ಕ್‌ಗ್ರೂಪ್ ಫೈಲ್ ಮಾಡಲು ಹೇಳಿ. ಅದು ನಿಮ್ಮ ಹೆಸರು, ಸಂಸ್ಥೆ, 4ರಿಂದ 20 ಅಕ್ಷರದ ವರ್ಕ್‌ಗ್ರೂಪ್ ಗುರುತು ಕೇಳುತ್ತದೆ. ಮೂರನ್ನೂ ದೊಡ್ಡಕ್ಷರ ಸಣ್ಣಕ್ಷರ ಸಮೇತ ಇದ್ದ ಹಾಗೆಯೇ ಹಾಳೆಯ ಮೇಲೆ ಬರೆದಿಡಿ. ನಾಳೆ ಎಂಡಿಡಬ್ಲ್ಯು ಫೈಲ್ ಕೆಟ್ಟರೆ ಮತ್ತೆ ಅದನ್ನೇ ಹುಟ್ಟಿಸಲು ಈ ಬರಹವೊಂದೇ ಗತಿ. ಒಂದು ಅಕ್ಷರ ಆಚೀಚೆಯಾದರೂ ಹುಟ್ಟುವುದು ಬೇರೆಯದೇ ಫೈಲು.

ಅದೇ ಪುಟದಲ್ಲಿ ಇದನ್ನು ಈ ಕಂಪ್ಯೂಟರಿನ ಎಲ್ಲ ಡೇಟಾಬೇಸಿಗೂ ಹಾಕಲೇ, ಅಥವಾ ಈ ಒಂದಕ್ಕೆ ಶಾರ್ಟ್‌ಕಟ್ ಮಾಡಿಕೊಡಲೇ ಎಂದು ಕೇಳುತ್ತದೆ. ಶಾರ್ಟ್‌ಕಟ್ ಆರಿಸಿ. ಇಲ್ಲದಿದ್ದರೆ ಆ ಕಂಪ್ಯೂಟರಿನಲ್ಲಿ ಯಾವ ಆ್ಯಕ್ಸೆಸ್ ಫೈಲ್ ತೆರೆದರೂ ಪಾಸ್‌ವರ್ಡ್ ಕೇಳಲು ಶುರುವಾಗಿ, ರಾತ್ರಿ ನಿಮಗೆ ಫೋನ್ ಬರುತ್ತದೆ.

ಮುಂದೆ ಏಳು ಸಿದ್ಧ ಗುಂಪುಗಳ ಪಟ್ಟಿ ಬರುತ್ತದೆ. ಓದಲು ಮಾತ್ರ, ಹೊಸದು ಸೇರಿಸಲು ಮಾತ್ರ, ಪೂರ್ತಿ ಡೇಟಾ, ಹೀಗೆ. ಬೇಕಿದ್ದರೆ ತೆಗೆದುಕೊಳ್ಳಿ. ನಾನು ಬಿಟ್ಟೆ. 'ಗೇಟ್', 'ಲೆಕ್ಕ' ಎಂದು ನಮ್ಮದೇ ಹೆಸರಿದ್ದರೆ ಎರಡು ವರ್ಷದ ನಂತರ ನೋಡುವವರಿಗೂ ತಿಳಿಯುತ್ತದೆ.

ಆಮೇಲೆ ಬರುವ ಪುಟ ಸಣ್ಣದು, ಆದರೆ ಎಲ್ಲಕ್ಕಿಂತ ಮುಖ್ಯ. ಯೂಸರ್ಸ್ ಗುಂಪಿಗೆ ಏನಾದರೂ ಅನುಮತಿ ಕೊಡಬೇಕೇ? ಬೇಡ ಎನ್ನಿ. ಮೇಲೆ ಹೇಳಿದ ಸೈಬರ್ ಕೆಫೆಯ ಬಾಗಿಲು ಮುಚ್ಚುವುದು ಇಲ್ಲೇ.

ಬಳಕೆದಾರರನ್ನು ಸೇರಿಸುವಾಗ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಜೊತೆ ಒಂದು ಪಿಐಡಿ ಇರುತ್ತದೆ. ಪಿಐಡಿ ಪಾಸ್‌ವರ್ಡ್ ಅಲ್ಲ, ದಿನವೂ ಹಾಕುವುದಲ್ಲ. ಆ ಬಳಕೆದಾರನ ಒಳಗುರುತು ಹುಟ್ಟಿಸಲು ಬೇಕಾದದ್ದು. ಅದನ್ನೂ ಬರೆದಿಡಿ. ಕೊನೆಗೆ ವಿಜಾರ್ಡ್ ಮೂಲ ಫೈಲಿನ ರಕ್ಷಣೆಯಿಲ್ಲದ ನಕಲೊಂದನ್ನು ಉಳಿಸಿ, ಎಲ್ಲ ಗುರುತುಗಳ ವರದಿ ತೋರಿಸುತ್ತದೆ. ವರದಿಯನ್ನು ಮುದ್ರಿಸಿ ತಿಜೋರಿಗೆ ಸೇರಿಸಿ. ರಕ್ಷಣೆಯಿಲ್ಲದ ಆ ನಕಲನ್ನು ಆಫೀಸಿನ ಕಂಪ್ಯೂಟರಿನಿಂದ ತೆಗೆದುಬಿಡಿ. ಮುಂಬಾಗಿಲಿಗೆ ಕೀಲಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಎಷ್ಟೋ ಆಫೀಸುಗಳನ್ನು ನಾನು ನೋಡಿದ್ದೇನೆ.

ಅನುಮತಿ ಗುಂಪಿಗೆ, ಹೆಸರು ಗುಂಪಿನೊಳಗೆ

ಮೊದಲು 'ಯೂಸರ್ ಆ್ಯಂಡ್ ಗ್ರೂಪ್ ಅಕೌಂಟ್ಸ್'ನಲ್ಲಿ ಹಾಳೆಯ ಮೇಲಿನ ಗುಂಪುಗಳನ್ನು ಮಾಡಿ (ಗುಂಪಿಗೂ ಒಂದು ಪಿಐಡಿ ಇರುತ್ತದೆ, ಬರೆದಿಡಿ), ಬಳಕೆದಾರರನ್ನು ಆಯಾ ಗುಂಪಿಗೆ ಸೇರಿಸಿ. ಈಗ 'ಯೂಸರ್ ಆ್ಯಂಡ್ ಗ್ರೂಪ್ ಪರ್ಮಿಷನ್ಸ್' ತೆರೆಯಿರಿ. ಎಡಗಡೆ ಪಟ್ಟಿಯ ಕೆಳಗೆ ಯೂಸರ್ಸ್, ಗ್ರೂಪ್ಸ್ ಎಂಬ ಎರಡು ಗುಂಡಿ ಇವೆ. ಗ್ರೂಪ್ಸ್ ಒತ್ತಿ, ಅಲ್ಲೇ ಇರಿ. ಒಬ್ಬ ವ್ಯಕ್ತಿಗೆ ನೇರವಾಗಿ ಅನುಮತಿ ಕೊಡುವ ಆಸೆಯನ್ನು ತಡೆದುಕೊಳ್ಳಿ. ಆ್ಯಕ್ಸೆಸ್ ಲೆಕ್ಕ ಹಾಕುವುದು ಕೂಡಿಸಿ. ವ್ಯಕ್ತಿಗೆ ಕೊಟ್ಟದ್ದು, ಅವರಿರುವ ಎಲ್ಲ ಗುಂಪುಗಳಿಗೆ ಕೊಟ್ಟದ್ದು, ಎಲ್ಲ ಸೇರಿ ಅವರಿಗೆ ಸಿಗುತ್ತದೆ. ಒಂದು ಗುಂಪಿನಲ್ಲಿ 'ಇಲ್ಲ' ಎಂದಿದ್ದರೂ ಇನ್ನೊಂದರಲ್ಲಿ 'ಹೌದು' ಇದ್ದರೆ ಹೌದೇ. ಹೀಗೆ ಒಂದೊಂದು ಕಡೆ ಒಂದೊಂದು ಕೊಟ್ಟರೆ ಅಳಿಸುವ ಅನುಮತಿ ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಟೇಬಲ್‌ಗೆ ಸಿಗುವ ಅನುಮತಿಗಳು ಏಳು. ಅವುಗಳಲ್ಲಿ ದಿನದ ಕೆಲಸಕ್ಕೆ ಬೇಕಾದವು ರೀಡ್ ಡೇಟಾ, ಇನ್ಸರ್ಟ್ ಡೇಟಾ, ಅಪ್‌ಡೇಟ್ ಡೇಟಾ, ಡಿಲೀಟ್ ಡೇಟಾ ಎಂಬ ನಾಲ್ಕು. ತಿದ್ದುವುದಕ್ಕೆ ಗುರುತು ಹಾಕಿದರೆ ಓದುವುದಕ್ಕೂ ತಾನಾಗಿಯೇ ಗುರುತು ಬೀಳುತ್ತದೆ. ಮಾಡಿಫೈ ಡಿಸೈನ್, ಅಡ್ಮಿನಿಸ್ಟರ್ ಎರಡನ್ನೂ ಅಡ್ಮಿನ್ಸ್ ಗುಂಪಿನ ಹೊರಗೆ ಯಾರಿಗೂ ಕೊಡಬೇಡಿ.

ಪಟ್ಟಿಯಲ್ಲಿ 'ನ್ಯೂ ಟೇಬಲ್ಸ್/ಕ್ವೆರೀಸ್' ಎಂಬ ವಿಚಿತ್ರ ಸಾಲೊಂದು ಇದೆ. ಮುಂದೆ ನೀವು ಮಾಡುವ ಹೊಸ ಟೇಬಲಿಗೆ ಯಾರಿಗೆ ಏನು ಸಿಗಬೇಕು ಎಂಬುದು ಅದು. ಅಲ್ಲಿ ಯೂಸರ್ಸ್ ಗುಂಪಿಗೆ ಎಲ್ಲ ಗುರುತೂ ಬಿದ್ದಿದ್ದರೆ ಇಂದು ಹಾಕಿದ ಕೀಲಿ ಹಳೆಯ ಟೇಬಲ್‌ಗಳಿಗೆ ಮಾತ್ರ. ತೆಗೆಯಿರಿ.

ಕಾಲಂ ಬಚ್ಚಿಡುವ ಉಪಾಯ

ನಮ್ಮ ಆವಕ ಟೇಬಲಿನಲ್ಲಿ ದಿನಾಂಕ, ಲಾಟ್ ನಂಬರ್, ರೈತರ ಹೆಸರು, ಬಾಕ್ಸ್, ತೂಕ, ಕೋಣೆ ಇವುಗಳ ಜೊತೆಗೆ ಆ ರೈತರಿಗೆ ಮಾತಾದ ಬಾಡಿಗೆ ದರವೂ ಇತ್ತು. ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು. ಗೇಟಿನ ಪರದೆಯ ಮೇಲೆ ಅದು ಕಂಡರೆ ಸಂಜೆಯೊಳಗೆ ಬಬಲೇಶ್ವರದವರೆಗೂ ಸುದ್ದಿ. ಆದರೆ ಆ್ಯಕ್ಸೆಸ್‌ನಲ್ಲಿ ಒಂದು ಕಾಲಂಗೆ ಮಾತ್ರ ಅನುಮತಿ ಇಲ್ಲ ಎನ್ನಲು ಬರುವುದಿಲ್ಲ. ಟೇಬಲ್ ಕೊಟ್ಟರೆ ಪೂರ್ತಿ ಟೇಬಲ್.

ದಾರಿ ಹೀಗಿದೆ. ಟೇಬಲಿನ ಮೇಲೆ ಗೇಟ್ ಗುಂಪಿಗೆ ಯಾವ ಅನುಮತಿಯನ್ನೂ ಕೊಡಬೇಡಿ. ದರದ ಕಾಲಂ ಬಿಟ್ಟು ಉಳಿದವನ್ನು ಸೇರಿಸಿ ಒಂದು ಕ್ವೆರಿ ಮಾಡಿ. ಅದರ ಪ್ರಾಪರ್ಟಿ ಹಾಳೆಯಲ್ಲಿ 'ರನ್ ಪರ್ಮಿಷನ್ಸ್' ಎಂಬಲ್ಲಿ 'ಓನರ್ಸ್' ಆರಿಸಿ. ಈಗ ಕ್ವೆರಿ ಓಡುವಾಗ ಟೇಬಲನ್ನು ಮುಟ್ಟುವುದು ಕ್ವೆರಿಯ ಒಡೆಯನ ಅನುಮತಿಯಿಂದ, ಗೇಟಿನ ಹುಡುಗನ ಅನುಮತಿಯಿಂದ ಅಲ್ಲ. ಕ್ವೆರಿಯ ಮೇಲೆ ಗೇಟ್ ಗುಂಪಿಗೆ ಓದುವುದು ಮತ್ತು ಸೇರಿಸುವುದು ಎರಡನ್ನೇ ಕೊಡಿ. ಗೇಟಿನ ಫಾರ್ಮನ್ನು ಟೇಬಲಿನಿಂದ ಬಿಚ್ಚಿ ಈ ಕ್ವೆರಿಗೆ ಕಟ್ಟಿ. ಇಂಥ ಕ್ವೆರಿಯನ್ನು ತಿದ್ದಿ ಉಳಿಸಲು ಅದರ ಒಡೆಯನ ಹೆಸರಿನಲ್ಲೇ ಲಾಗಿನ್ ಆಗಿರಬೇಕು. ನಾನು ಬೇರೆ ಹೆಸರಿನಲ್ಲಿ ಕುಳಿತು, ಉಳಿಸಲು ಬರುತ್ತಿಲ್ಲವೆಂದು ಅರ್ಧ ತಾಸು ಕೀಬೋರ್ಡ್ ಮೇಲೆ ಸಿಟ್ಟು ತೀರಿಸಿಕೊಂಡಿದ್ದೆ.

ಸೇರಿಸಬಹುದು, ತಿದ್ದುವಂತಿಲ್ಲ ಎಂಬುದು ಮೊದಲ ಎರಡು ದಿನ ಗೇಟಿನವನಿಗೆ ಕಷ್ಟವಾಯಿತು. ಸಾಲು ಬಿಟ್ಟು ಮುಂದಿನ ಸಾಲಿಗೆ ಹೋದ ಕೂಡಲೇ ಹಿಂದಿನದು ಗಟ್ಟಿಯಾಗಿಬಿಡುತ್ತದೆ. "ಅಣ್ಣಾ, ಒಂದು ಸೊನ್ನೆ ತಪ್ಪಿದರೂ ಲೆಕ್ಕದವರ ಹತ್ತಿರ ಓಡಬೇಕೇ?" ಎಂದ. ಓಡಬೇಕು, ಅದಕ್ಕಾಗಿಯೇ ಇಷ್ಟೆಲ್ಲ. ಈಗ ತಪ್ಪಾದರೆ ಚೀಟಿ ಬರೆದು ಕಾರಕೂನರಿಗೆ ಕೊಡುತ್ತಾನೆ, ಅವರು ತಿದ್ದಿ ಚೀಟಿಯನ್ನು ಫೈಲಿಗೆ ಹಾಕುತ್ತಾರೆ.

ಯಾರು ತಿದ್ದಿದರು ಎಂಬುದನ್ನು ಈ ಅನುಮತಿ ಏರ್ಪಾಟು ತಾನಾಗಿ ಬರೆದಿಡುವುದಿಲ್ಲ. ಟೇಬಲಿಗೆ 'ಕೊನೆಗೆ ಮುಟ್ಟಿದವರು', 'ಯಾವಾಗ' ಎಂಬ ಎರಡು ಕಾಲಂ ಸೇರಿಸಿ, ಫಾರ್ಮಿನ 'ಬಿಫೋರ್ ಅಪ್‌ಡೇಟ್' ಘಟನೆಯಲ್ಲಿ 'ಕರೆಂಟ್‌ಯೂಸರ್' ಫಂಕ್ಷನ್ ಕೊಡುವ ಹೆಸರನ್ನೂ ಆ ಹೊತ್ತಿನ ಸಮಯವನ್ನೂ ತುಂಬಿಸಿ. ಎಲ್ಲರೂ ಸಿಸ್ಟಮ್ ಗೊಂಚಲಿನಲ್ಲೇ ಬರುತ್ತಿದ್ದ ಕಾಲದಲ್ಲಿ ಇದನ್ನು ಮಾಡಿದ್ದರೆ ಎಲ್ಲ ಸಾಲಿನಲ್ಲೂ 'ಅಡ್ಮಿನ್' ಎಂದೇ ಬರುತ್ತಿತ್ತು.

ಎರಡು ಫೈಲಾಗಿದ್ದರೆ, ಫೋಲ್ಡರಿನ ವಿಷಯ

ಟೇಬಲ್‌ಗಳು ಸರ್ವರ್ ಕಂಪ್ಯೂಟರಿನಲ್ಲಿ, ಫಾರ್ಮ್‌ಗಳು ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಎಂದು ಒಡೆದಿಟ್ಟಿದ್ದರೆ ಎರಡೂ ಫೈಲಿಗೆ ಬೇರೆ ಬೇರೆಯಾಗಿ, ಅದೇ ವರ್ಕ್‌ಗ್ರೂಪ್ ಫೈಲ್ ಬಳಸಿ ಅನುಮತಿ ಕೊಡಬೇಕು. ಮುಂದಿನ ಫೈಲಿನಲ್ಲಿ, ಅಂದರೆ ಫಾರ್ಮ್‌ಗಳ ಫೈಲಿನಲ್ಲಿ, ಇರುವುದು ಟೇಬಲಿಗೆ ಹೋಗುವ ಕೊಂಡಿ ಅಷ್ಟೇ. ನಿಜವಾದ ಕಾವಲು ಟೇಬಲ್‌ಗಳಿರುವ ಹಿಂದಿನ ಫೈಲಿನಲ್ಲಿರಬೇಕು. ಶಾರ್ಟ್‌ಕಟ್ ಕೂಡ ಎಲ್ಲ ಕಂಪ್ಯೂಟರಿಗೂ ಬೇಕು, ಅದರೊಳಗಿನ ಎಂಡಿಡಬ್ಲ್ಯು ದಾರಿ ಸರಿಯಿದೆಯೇ ನೋಡಿ.

ವಿಂಡೋಸ್ ಫೋಲ್ಡರಿಗೆ ಬಂದರೆ, ಬಳಸುವ ಪ್ರತಿಯೊಬ್ಬರಿಗೂ ಅಲ್ಲಿ ಬರೆಯುವ, ಹೊಸ ಫೈಲ್ ಮಾಡುವ, ಅಳಿಸುವ ಅನುಮತಿ ಕೊಡಲೇಬೇಕಾಗುತ್ತದೆ, ಏಕೆಂದರೆ ಎಲ್‌ಡಿಬಿ ಫೈಲ್ ದಿನವೂ ಹುಟ್ಟಿ ಸಾಯುತ್ತಿರುತ್ತದೆ. ಹಾಗೆಂದರೆ ಗೇಟಿನವನಿಗೆ ಒಂದು ಸಾಲು ಅಳಿಸಲು ಬರುವುದಿಲ್ಲ, ಇಡೀ ಫೈಲನ್ನೇ ಅಳಿಸಲು ಬರುತ್ತದೆ. ಇದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಈ ಕೀಲಿಯನ್ನು ಒಡೆಯುವ ಸಾಫ್ಟ್‌ವೇರ್‌ಗಳೂ ಸಿಗುತ್ತವೆ. ಕೈತಪ್ಪು, ಕುತೂಹಲ, ಬೇಜವಾಬ್ದಾರಿ ಈ ಮೂರನ್ನು ಇದು ತಡೆಯುತ್ತದೆ, ಹಟ ಹಿಡಿದ ಕಳ್ಳನನ್ನಲ್ಲ. ರಾತ್ರಿಯ ಬ್ಯಾಕಪ್ ತಪ್ಪದೆ ಬೇರೆ ಕಂಪ್ಯೂಟರಿಗೆ ಹೋಗಬೇಕು. ಸಾಲ ವಸೂಲಿ, ಠೇವಣಿ ಇಂಥ ದುಡ್ಡಿನ ವ್ಯವಹಾರವಿದ್ದರೆ ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅಥವಾ ಪೋಸ್ಟ್‌ಗ್ರೆಸ್‌ಗೆ ಸಾಗಿಸಿ, ಎರಡೂ ಉಚಿತ. ಅಲ್ಲೂ ಗುಂಪು, ಅನುಮತಿ ಇದೇ ಲೆಕ್ಕದಲ್ಲಿವೆ, ಮೊದಲು ಬರೆದ ಹಾಳೆ ಹಾಗೇ ಕೆಲಸಕ್ಕೆ ಬರುತ್ತದೆ.

ಎಸಿಸಿಡಿಬಿ ಇರುವವರು ಮಾಡಬಹುದಾದದ್ದು ಕಡಿಮೆ. ಹಿಂದಿನ ಫೈಲಿಗೆ ಪಾಸ್‌ವರ್ಡ್ ಹಾಕಿ ಗೂಢಲಿಪಿಗೆ ಬದಲಿಸಬಹುದು, ಆದರೆ ಅದು ಎಲ್ಲರಿಗೂ ಒಂದೇ ಪಾಸ್‌ವರ್ಡ್. ಮುಂದಿನ ಫೈಲನ್ನು ಎಸಿಸಿಡಿಇ ಮಾಡಿದರೆ ಫಾರ್ಮ್‌ಗಳ ವಿನ್ಯಾಸ ತಿದ್ದಲು ಬರುವುದಿಲ್ಲ. ಲಾಗಿನ್ ಫಾರ್ಮ್ ಬರೆದು ಗುಂಡಿಗಳನ್ನು ಬಚ್ಚಿಡುವವರು ಬಹಳ ಮಂದಿ. ಅದು ಪರದೆ, ಬಾಗಿಲಲ್ಲ. ತೆರೆಯುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಆ ಫಾರ್ಮ್ ಬರುವುದೇ ಇಲ್ಲ. ಅದನ್ನು ತಡೆಯಲು 'ಅಲೌ ಬೈಪಾಸ್ ಕೀ' ಎಂಬ ಪ್ರಾಪರ್ಟಿ ಇದೆ, ಅದನ್ನು 'ಫಾಲ್ಸ್' ಎಂದು ಇಡಿ.

ಪರೀಕ್ಷೆ

ಪ್ರತಿ ಗುಂಪಿಗೂ ಒಬ್ಬ ಸುಳ್ಳು ಬಳಕೆದಾರನನ್ನು ಮಾಡಿ ಲಾಗಿನ್ ಆಗಿ. ಆಗಬೇಕಾದದ್ದು ಆಗುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ನೀವು ಆಗಬಾರದ್ದನ್ನು ಮಾಡಲು ಪ್ರಯತ್ನಿಸಿ. ಗೇಟಿನವನಾಗಿ ಟೇಬಲ್ ತೆರೆಯಿರಿ, ಹಳೆಯ ಸಾಲು ತಿದ್ದಿ, ಬೇರೊಂದು ಖಾಲಿ ಎಂಡಿಬಿ ಮಾಡಿ ಅದಕ್ಕೆ ಆವಕ ಟೇಬಲನ್ನು ಇಂಪೋರ್ಟ್ ಮಾಡಲು ನೋಡಿ. ಕೊನೆಗೆ ಶಾರ್ಟ್‌ಕಟ್ ಬಿಟ್ಟು, ಸಿಸ್ಟಮ್ ಗೊಂಚಲಿನಲ್ಲೇ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ತೆರೆಯಿರಿ. ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಅಡ್ಮಿನ್ ಹೊರಗೆ ಉಳಿದ ಎಂದರ್ಥ. ತೆರೆದುಕೊಂಡರೆ ವಿಜಾರ್ಡ್‌ನ ಯೂಸರ್ಸ್ ಪುಟಕ್ಕೆ ಮರಳಿ ಹೋಗಿ.

ಕೆಲಸ ಬಿಟ್ಟು ಹೋದವರು

ಹಂಗಾಮು ಮುಗಿದಾಗ ಒಬ್ಬರಿಬ್ಬರು ಬಿಡುತ್ತಾರೆ. 'ಯೂಸರ್ ಆ್ಯಂಡ್ ಗ್ರೂಪ್ ಅಕೌಂಟ್ಸ್'ನಲ್ಲಿ ಅವರ ಹೆಸರು ಅಳಿಸುವುದು ಎರಡು ನಿಮಿಷದ ಕೆಲಸ, ಗುಂಪಿಗೆ ಕೊಟ್ಟ ಅನುಮತಿ ಹಾಗೇ ಇರುತ್ತದೆ, ಹೊಸಬರನ್ನು ಅದೇ ಗುಂಪಿಗೆ ಸೇರಿಸಿದರೆ ಮುಗಿಯಿತು. ಆದರೆ ಹೋದವರು ಎಂಡಿಡಬ್ಲ್ಯು ಫೈಲಿನ ಹಳೆಯ ನಕಲು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದರೆ? ಅದರಲ್ಲಿ ಅವರ ಹೆಸರು, ಹಳೆಯ ಪಾಸ್‌ವರ್ಡ್, ಗುಂಪಿನ ಸದಸ್ಯತ್ವ ಮೂರೂ ಜೀವಂತ ಇರುತ್ತವೆ, ಎಂಡಿಬಿ ಸಿಕ್ಕಿದರೆ ತೆರೆಯುತ್ತದೆ. ನಮ್ಮಲ್ಲಿ ಲೆಕ್ಕದವರೊಬ್ಬರು ಬಿಟ್ಟಾಗ ಸಂಶಯವಿರಲಿಲ್ಲ, ಆದರೂ ಲೆಕ್ಕ ಗುಂಪನ್ನು ಹೊಸ ಪಿಐಡಿಯೊಂದಿಗೆ ಹೊಸ ಹೆಸರಿನಲ್ಲಿ ಮಾಡಿ, ಅನುಮತಿ ಅದಕ್ಕೆ ಕೊಟ್ಟು, ಹಳೆಯ ಗುಂಪಿನ ಅನುಮತಿಗಳನ್ನು ಒಂದೊಂದಾಗಿ ತೆಗೆದು ಆಮೇಲೆ ಗುಂಪನ್ನು ಅಳಿಸಿದೆ. ಸಂಜೆ ನಾಲ್ಕಕ್ಕೆ ಕುಳಿತವನು ಏಳಕ್ಕೆ ಎದ್ದೆ. ಹೊಸ ಪಿಐಡಿಯ ಹಾಳೆಯನ್ನು ಲಕೋಟೆಗೆ ಸೇರಿಸಲು ಮಾಲಕರೇ ತಿಜೋರಿ ತೆರೆದುಕೊಟ್ಟರು.